ನಂಜೂ ತಡೆಯೂ: ವಿಕಿರಣದಿಂದ ಜೀವಕೋಶದ ಡಿ.ಎನ್.ಎ. ರಚನೆಗೆ ಒದಗುವ ನಿರೋಧದ ಇತಿಹಾಸ

ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಮೂರನೆಯ ಸಂಪುಟವು 1894ರಲ್ಲಿ ಪ್ರಕಟವಾಯಿತು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿರುವುದು ಆ ಸಂಪುಟದಲ್ಲಿಯೇ. ಅದನ್ನು ಬಳಸಿದವರೆಲ್ಲರಿಗೂ ಪಾಠದ ನಡುನಡುವೆ ಬರುವ ಚುಕ್ಕಿಗಳ ಸಾಲು ಪರಿಚಿತವಾದುದೇ. ಕಲ್ಲು ಚಕ್ಕೆಯೆದ್ದು ಹೋದ ಕಡೆ, ಅಕ್ಷರ ಸವೆದು ಕಾಣದಾದ ಕಡೆ, ಸಂಪಾದಕರು ಊಹೆಯಿಂದ ಪಾಠವನ್ನು ತುಂಬದೆ ಚುಕ್ಕಿಯಿಟ್ಟು ನಿಂತಿದ್ದಾರೆ. ಹೀಗೆ ನಿಂತುದನ್ನು ಅಸಾಮರ್ಥ್ಯವೆಂದು ಯಾರೂ ಎಣಿಸುವುದಿಲ್ಲ. ಪಾಠಶುದ್ಧಿಯಲ್ಲಿ ಅವರಿಗಿದ್ದ ಶ್ರದ್ಧೆಯೆಂದೇ ಎಣಿಸುತ್ತೇವೆ. ಓಲೆಗರಿಯಿಂದ ಓಲೆಗರಿಗೆ ಪ್ರತಿಮಾಡುತ್ತಿದ್ದ ನಮ್ಮ ಹಳೆಯ ಲಿಪಿಕಾರರಲ್ಲಿಯೂ ಎರಡು ಬಗೆಯವರಿದ್ದರು. ಹುಳು ತಿಂದ ಗರಿಯನ್ನು ಕಂಡೊಡನೆ ಕಂಟವನ್ನು ಕೆಳಗಿಟ್ಟು ಬೇರೊಂದು ಪ್ರತಿಯನ್ನು ಅರಸಹೊರಟವರು ಕೆಲವರು. ಗ್ರಂಥಪಾತವಿದೆಯೆಂಬುದನ್ನೇ ಗಮನಿಸದೆ ಮುಂದಿನ ಗರಿಗೆ ಹಾರಿದವರು ಕೆಲವರು. ಈ ಎರಡನೆಯವರ ಕೈಬರಹದಿಂದ ಸಂಪಾದಕರಿಗೆ ಒದಗಿರುವ ತೊಡಕು ವಾಚಕರಿಗೆ ತಿಳಿಯದುದಲ್ಲ.

ಆ ಸಂಪುಟ ಹೊರಬಂದ ಮರುವರ್ಷ, 1895ರ ನವೆಂಬರ್ 8ರಂದು, ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರದಲ್ಲಿ ರಂಟ್‌ಗೆನ್ ಎಂಬ ಪಂಡಿತರು ಕ್ಷ-ಕಿರಣಗಳನ್ನು ಕಂಡುಕೊಂಡರು. ಮನುಷ್ಯನ ಒಂದೊಂದು ಜೀವಕೋಶದೊಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟ ಒಂದು ಮಹಾಗ್ರಂಥವಿದೆಯೆಂಬುದಾಗಲಿ, ಕೋಶ ಒಡೆದು ಎರಡಾಗುವುದಕ್ಕೆ ಮುಂಚೆ ಆ ಗ್ರಂಥಕ್ಕೆ ಮೊದಲಿನಿಂದ ಕೊನೆಯವರೆಗೆ ಒಂದು ಪ್ರತಿ ತೆಗೆಯಲಾಗುತ್ತದೆಂಬುದಾಗಲಿ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದ ಕಾಲಕ್ಕೆ ಇನ್ನೊಂದು ಸಂಗತಿಯೂ ಗೊತ್ತಾಗಿತ್ತು: ಕಿರಣ ತಾಕಿದ ಕೋಶದಲ್ಲಿ ಪ್ರತಿ ತೆಗೆಯುವ ಕೆಲಸ ತಗ್ಗುತ್ತದೆ. ತಗ್ಗುವುದೇಕೆ? ಪೆಟ್ಟು ಬಿದ್ದು ಲಿಪಿಕಾರನ ಕೈ ಮುರಿದುದರಿಂದಲೋ, ಅಥವಾ ಗರಿ ಸೀಳಿರುವುದನ್ನು ಕಂಡು ಅವನೇ ಕೈ ತಡೆದುದರಿಂದಲೋ? ಈ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು 40 ವರ್ಷಗಳು ಹಿಡಿದುವು. ಆ ಉತ್ತರದ ಇತಿಹಾಸವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ಕಪಿಲಾತೀರದ ಎರಡು ಊರುಗಳಿಂದ ಅದನ್ನು ಪ್ರಾರಂಭಿಸುವುದಕ್ಕೆ ಕಾರಣವುಂಟು. ಅದು ಮುಂದೆ ತಾನಾಗಿಯೇ ಸ್ಪಷ್ಟವಾಗುವುದು.

ನಂಜನಗೂಡಿಗೆ ಗರಳಪುರಿಯೆಂಬ ಹೆಸರೂ ಉಂಟಷ್ಟೆ. ನಂಜನ್ನು ಉಂಡು ಕಂಠದಲ್ಲಿಯೇ ಅದನ್ನು ತಡೆದು ನಿಲ್ಲಿಸಿದ ಶ್ರೀಕಂಠೇಶ್ವರನ ಕ್ಷೇತ್ರವದು. ಪುರಾಣದ ಕಥೆಯೊಳಗೆ ವಿಜ್ಞಾನವನ್ನು ಹುಡುಕುವ ಚಪಲ ನಮಗಿಲ್ಲ. ಅಂಥ ಹುಡುಕಾಟದಿಂದ ಪುರಾಣಕ್ಕೂ ವಿಜ್ಞಾನಕ್ಕೂ ಹಿತವಾಗದು. ಆದರೆ ಆ ದೇವರ ಹೆಸರನ್ನೇ ಹೊತ್ತು, ಆ ಊರಿನಲ್ಲಿಯೇ ಹುಟ್ಟಿದವರೊಬ್ಬರು ಆಕಾಶದಿಂದ ಇಳಿಯುವ ಕಿರಣಗಳ ಶೋಧನೆಯಲ್ಲಿ ಆಯುಸ್ಸನ್ನು ಕಳೆದರೆಂಬುದು ಇತಿಹಾಸ. ಬದನವಾಳು ವೆಂಕಟಸುಬ್ಬ ಶ್ರೀಕಂಠನ್ ಅವರು 1925ರ ಜೂನ್ 30ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ ಬಿ. ವಿ. ಪಂಡಿತರು ಆಯುರ್ವೇದ ವೈದ್ಯರು. ನಾಡಿನ ಮನೆಮನೆಗೂ ಹಲ್ಲುಪುಡಿಯನ್ನು ಒದಗಿಸಿದ ಸದ್ವೈದ್ಯಶಾಲೆಯ ಸ್ಥಾಪಕರು. ಮಗನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಓದಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆ 1945ರಲ್ಲಿ ಹೋಮಿ ಭಾಭಾ ಅವರಿಂದ ಮೊದಲು ಬೆಂಗಳೂರಿನಲ್ಲಿ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಹೋದುದು.

ವಿಶ್ವಕಿರಣಗಳೆಂಬುವು 1912ರಲ್ಲಿ ವಿಕ್ಟರ್ ಹೆಸ್ ಎಂಬವರು ಬಲೂನಿನಲ್ಲಿ ಏರಿ ಕಂಡುಕೊಂಡವು. ಮೇಲೇರಿದಷ್ಟೂ ವಿಕಿರಣ ಹೆಚ್ಚಾಗುವುದನ್ನು ನೋಡಿ, ಅದು ಭೂಮಿಯಿಂದ ಹುಟ್ಟಿದುದಲ್ಲ, ಹೊರಗಿನಿಂದ ಬರತಕ್ಕದ್ದೆಂದು ಅವರು ನಿರ್ಣಯಿಸಿದರು. ಭಾಭಾ ಅವರು ತಮ್ಮ ಶಿಷ್ಯರನ್ನು ಕಳುಹಿಸಿದುದು ಮೇಲಕ್ಕಲ್ಲ, ಕೆಳಕ್ಕೆ. ಕೋಲಾರದ ಚಿನ್ನದ ಗಣಿಗಳಲ್ಲಿ ಇಳಿದು, ಎಷ್ಟು ಆಳದ ಬಂಡೆಯನ್ನು ಭೇದಿಸಿ ಈ ಕಿರಣಗಳು ಬರಬಲ್ಲವೆಂಬುದನ್ನು ಅಳೆಯುವ ಕೆಲಸವನ್ನು ಶ್ರೀಕಂಠನ್ ಅವರು 1950ರ ದಶಕದ ಮೊದಲಲ್ಲಿ ಕೈಗೊಂಡರು. ನೆಲದ ಮೇಲೆ ಅಂಗೈಯಗಲದ ಜಾಗದ ಮೂಲಕ ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ ಕಣ ಹಾದುಹೋಗುತ್ತಿರುತ್ತದೆ. ನಾವು ನಿದ್ರಿಸುವಾಗಲೂ ಅದು ತಪ್ಪಿದ್ದಲ್ಲ. ಮುಂದೆ ಅವರ ಸಹೋದ್ಯೋಗಿಗಳು ಸುಮಾರು 2,700 ಮೀಟರ್ ಆಳದಲ್ಲಿ ಯಂತ್ರವನ್ನಿಟ್ಟು ಸುಮಾರು ಎರಡು ತಿಂಗಳು ಕಾದರೂ ಅಂಥ ಒಂದು ಕಣವೂ ದೊರೆಯಲಿಲ್ಲ. ಆ ನಿಶ್ಶಬ್ದವನ್ನೇ ಉಪಯೋಗಿಸಿಕೊಂಡು 1965ರಲ್ಲಿ ಅದೇ ಗಣಿಯಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತನ್ನು ಹಿಡಿದುದು ಜಗತ್ತಿಗೆ ತಿಳಿದ ವಿಷಯ. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದು, 2019ರಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಗಣಿಯೂ 2001ರಲ್ಲಿ ಮುಚ್ಚಿತು.

ವಿಶ್ವಕಿರಣವು ನೆಲಕ್ಕೆ ಬರುವುದಕ್ಕೆ ಮುಂಚೆ ಮೇಲಿನ ಗಾಳಿಯಲ್ಲಿ ಇನ್ನೊಂದು ಕೆಲಸವನ್ನು ಮಾಡಿರುತ್ತದೆ. ಅದರ ತಾಡನದಿಂದ ಸಿಡಿದ ನ್ಯೂಟ್ರಾನು ಸಾರಜನಕದ ಪರಮಾಣುವನ್ನು ಹೊಕ್ಕು ಅದನ್ನು 14 ತೂಕದ ಇಂಗಾಲವನ್ನಾಗಿ ಮಾರ್ಪಡಿಸುತ್ತದೆ. ಈ ಇಂಗಾಲ ಸ್ಥಿರವಲ್ಲ. 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವಂತೆ ಮೆಲ್ಲಮೆಲ್ಲನೆ ಮತ್ತೆ ಸಾರಜನಕವಾಗುತ್ತದೆ. ಗಿಡವು ಗಾಳಿಯಿಂದ ಅದನ್ನು ಹೀರುತ್ತದೆ, ಗಿಡವನ್ನು ತಿಂದ ಪ್ರಾಣಿಯಲ್ಲಿ ಅದು ಸೇರುತ್ತದೆ. ಸತ್ತ ಮೇಲೆ ಹೊಸತು ಬರುವುದು ನಿಂತು, ಇದ್ದುದು ಕರಗುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ಸತ್ತ ಕಾಲ ತಿಳಿಯುವುದೆಂದು ತೋರಿಸಿಕೊಟ್ಟ ಲಿಬ್ಬಿ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಗಳ ಸಂಗಮದ ಬಳಿಯಲ್ಲಿ, ಡಾ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ನೂತನ ಶಿಲಾಯುಗದ ನೆಲೆಯೊಂದನ್ನು ಅಗೆದುದು, ಅದರ ವರದಿ 1971ರಲ್ಲಿ ಪ್ರಕಟವಾದುದು, ಪ್ರಾಕ್ತನ ವಿಮರ್ಶಕರಿಗೆ ತಿಳಿದೇ ಇದೆ. ಹೂಳಿದ ಶವಗಳು, ತಲೆಯ ಕೆಳಗೆ ಇಟ್ಟುಕೊಳ್ಳುವ ಮಣ್ಣಿನ ಒರಗುಗಳು, ಬೂದುಬಣ್ಣದ ಮಡಕೆಗಳು ಅಲ್ಲಿ ದೊರೆತುವು. ತೀರ್ಥಮಾಹಾತ್ಮ್ಯದ ಬಲದಿಂದಲ್ಲದೆ ಬೇರೆ ಆಧಾರದಿಂದ ಆ ಸಂಗಮದ ಜನವಸತಿಯ ಪ್ರಾಚೀನತೆಯನ್ನು ಹೇಳಲು ಅದುವರೆಗೆ ಸಾಧ್ಯವಿರಲಿಲ್ಲ. ಅಗೆತದ ಮಾದರಿಗಳ ಇಂಗಾಲವನ್ನು ಅಳೆದು, ವಸತಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ್ದೆಂದು ತಿಳಿಸಿದ ಪ್ರಯೋಗಶಾಲೆ ಯಾವುದು? ಅದೇ ಟಾಟಾ ಸಂಸ್ಥೆಯದು. ಇಂದಿಗೂ ಆ ಕಾಲನಿರ್ಣಯಗಳ ಸಂಖ್ಯೆಗಳಿಗೆ ಟಿ.ಎಫ್. ಎಂಬ ಸಂಕೇತ ಅಂಟಿಕೊಂಡಿದೆ. ಅದೇ ಸಂಸ್ಥೆಯಲ್ಲಿಯೇ 1962ರಲ್ಲಿ ಒಬೈದ್ ಸಿದ್ದಿಕಿ ಅವರು ಅಣುಜೀವವಿಜ್ಞಾನದ ವಿಭಾಗವನ್ನು ಆರಂಭಿಸಿದರು. ನಂಜನಗೂಡಿನ ಮಗನು ಅಳೆದ ಕಿರಣ, ನರಸೀಪುರದ ಸಮಾಧಿಗಳಿಗೆ ಕಾಲವನ್ನು ಹೇಳಿದ ಇಂಗಾಲ, ಜೀವಕೋಶದೊಳಗಿನ ಗ್ರಂಥ: ಮೂರೂ ಹೀಗೆ ಒಂದೇ ಸೂರಿನ ಕೆಳಗೆ ಅಧ್ಯಯನಕ್ಕೆ ಒಳಗಾದುವು. ಇವುಗಳ ಪರಸ್ಪರ ಸಂಬಂಧ ಮಾತ್ರ ಹೊರಪಟ್ಟುದು ಬೇರೆ ಕಡೆ, ಬೇರೆಯವರ ಕೈಯಲ್ಲಿ.

ಈಗ ಗ್ರಂಥದ ವಿಷಯಕ್ಕೆ ಬರೋಣ. ಕ್ಷ-ಕಿರಣಗಳು ಬೇಗಬೇಗ ವಿಭಾಗವಾಗುವ ಕೋಶಗಳಿಗೆ ಹೆಚ್ಚು ಅಪಾಯಕರವೆಂಬುದನ್ನು 1906ರಲ್ಲಿ ಬೆರ್ಗೋನಿಯೆ, ತ್ರಿಬೋಂದೊ ಎಂಬ ಫ್ರೆಂಚ್ ವೈದ್ಯರು ಸೂತ್ರರೂಪದಲ್ಲಿ ಹೇಳಿದರು. ಗೆಡ್ಡೆಯ ರೋಗಕ್ಕೆ ಕಿರಣದ ಚಿಕಿತ್ಸೆಯನ್ನು ಮಾಡುವುದರ ತಳಹದಿ ಇದೇ. 1927ರಲ್ಲಿ ಹರ್ಮನ್ ಮುಲ್ಲರ್ ಅವರು ಹಣ್ಣಿನ ನೊಣಗಳ ಮೇಲೆ ಕ್ಷ-ಕಿರಣವನ್ನು ಹಾಯಿಸಿ, ಅವುಗಳ ಸಂತತಿಯಲ್ಲಿ ಹೊಸ ವಿಕಾರಗಳು ಕಾಣಿಸಿಕೊಳ್ಳುವುದನ್ನು ತೋರಿಸಿದರು. ಅಂದರೆ ಕಿರಣವು ಮೈಯನ್ನು ಸುಡುವುದು ಮಾತ್ರವಲ್ಲ, ವಂಶದ ಲಿಪಿಯನ್ನೇ ತಿದ್ದುತ್ತದೆಂದು ಆಗ ತಿಳಿಯಿತು. ಲಿಪಿ ಯಾವ ದ್ರವ್ಯದಲ್ಲಿದೆಯೆಂಬುದು ಮಾತ್ರ 1944ರವರೆಗೆ ತಿಳಿಯಲಿಲ್ಲ. ಏವರಿ ಮತ್ತು ಅವರ ಜೊತೆಗಾರರು ಆ ವರ್ಷ ಅದು ಡಿ.ಎನ್.ಎ. ಎಂದು ಸಾಧಿಸಿದರೂ ಅನೇಕರು ನಂಬಲಿಲ್ಲ.

ವಿಚಿತ್ರವೆಂದರೆ, ಅದಕ್ಕಿಂತಲೂ ಎರಡು ವರ್ಷ ಮುಂಚೆಯೇ, 1942ರಲ್ಲಿ, ಸ್ಟಾಕ್‌ಹೋಮಿನಲ್ಲಿ ಹಾನ್ಸ್ ಫಾನ್ ಆಯ್ಲರ್, ಗೆಯೋರ್ಗ್ ಹೆವೆಶಿ ಎಂಬವರು ನಮ್ಮ ಪ್ರಶ್ನೆಯ ಬಾಗಿಲನ್ನು ತಟ್ಟಿದ್ದರು. ಇಲಿಗಳ ಗೆಡ್ಡೆಗೆ ಕ್ಷ-ಕಿರಣವನ್ನು ಹಾಯಿಸಿ, ವಿಕಿರಣಶೀಲ ರಂಜಕವನ್ನು ಅವುಗಳಿಗೆ ಕೊಟ್ಟು, ಅದರಲ್ಲಿ ಎಷ್ಟು ಪಾಲು ಹೊಸ ನ್ಯೂಕ್ಲಿಯಿಕ್ ಆಮ್ಲದಲ್ಲಿ ಸೇರುತ್ತದೆಂದು ಅವರು ಅಳೆದರು. ಕಿರಣ ತಾಕದ ಗೆಡ್ಡೆಗಿಂತ ತಾಕಿದ ಗೆಡ್ಡೆಯಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಪೆಟ್ಟುಕೊಟ್ಟುದೂ ವಿಕಿರಣವೇ, ಪೆಟ್ಟಿನ ಫಲವನ್ನು ಕಾಣಿಸಿದ ದೀಪವೂ ವಿಕಿರಣವೇ.

1953ರಲ್ಲಿ ವಾಟ್ಸನ್, ಕ್ರಿಕ್ ಅವರು ಡಿ.ಎನ್.ಎ.ಯ ಎರಡೆಳೆಯ ಸುರುಳಿಯನ್ನು ಪ್ರಕಟಿಸಿದುದನ್ನು ಎಲ್ಲರೂ ನೆನೆಯುತ್ತಾರೆ. ಅದೇ ವರ್ಷ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಆಲ್ಮಾ ಹೊವರ್ಡ್, ಸ್ಟೀಫನ್ ಪೆಲ್ಕ್ ಎಂಬವರು ಪ್ರಕಟಿಸಿದ ಪ್ರಬಂಧಕ್ಕೆ ಅಷ್ಟು ಪ್ರಸಿದ್ಧಿಯಿಲ್ಲ. ನಮ್ಮ ಅವರೆಯ ದೂರದ ಬಂಧುವಾದ ಕಾಳೊಂದರ ಮೊಳಕೆಯ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಕುಡಿಸಿ, ಛಾಯಾಚಿತ್ರದ ಲೇಪನದ ಮೇಲೆ ಅದು ಬಿಡುವ ಕಪ್ಪು ಚುಕ್ಕೆಗಳನ್ನು ಎಣಿಸಿ, ಅವರು ಎರಡು ವಿಷಯಗಳನ್ನು ಕಂಡುಕೊಂಡರು. ಕೋಶದ ಜೀವಮಾನವೆಲ್ಲ ಪ್ರತಿ ತೆಗೆಯುವ ಕೆಲಸ ನಡೆಯುವುದಿಲ್ಲ. ಅದಕ್ಕೆಂದೇ ಗೊತ್ತಾದ ಒಂದು ಕಾಲಾವಧಿಯುಂಟು. ಅದಕ್ಕೆ ಹಿಂದೊಂದು ಮುಂದೊಂದು ಬಿಡುವು. ಮನುಷ್ಯನ ಕೋಶದಲ್ಲಿ, 24 ಗಂಟೆಗಳ ಚಕ್ರಕ್ಕೆ ಸುಮಾರು 8 ಗಂಟೆಗಳು ಈ ಬರವಣಿಗೆಗೆ ಸಲ್ಲುತ್ತವೆಂದು ಬಳಿಕ ತಿಳಿಯಿತು. ಎರಡನೆಯದಾಗಿ, ಕಿರಣ ತಾಕಿದ ಬೇರಿನಲ್ಲಿ ಬರವಣಿಗೆಯ ಅವಧಿಯನ್ನು ಪ್ರವೇಶಿಸುವ ಕೋಶಗಳು ಕಡಿಮೆಯಾಗುತ್ತಿದ್ದುವು. ಜೀವಕೋಶದ ದಿನಚರಿಯನ್ನು ಇಂದು ಯಾವ ಶಾಲೆಯಲ್ಲಿ ಕಲಿಸಿದರೂ ಹೊವರ್ಡ್, ಪೆಲ್ಕರು ಮಾಡಿದ ವಿಭಾಗವನ್ನೇ ಕಲಿಸುತ್ತಾರೆ. ವಿಕಿರಣದ ಕೇಡನ್ನು ಹುಡುಕಹೊರಟವರಿಂದ ಆರೋಗ್ಯದ ದಿನಚರಿ ದೊರೆತುದನ್ನು ಅದರ ಸಂಗಡ ಹೇಳುವವರು ಕಡಿಮೆ.

ಮನುಷ್ಯನ ಕೋಶಗಳ ಮೇಲೆ ನೇರವಾದ ಪರೀಕ್ಷೆ 1956ರಲ್ಲಿ ನಡೆಯಿತು. ಅಮೆರಿಕದ ಡೆನ್ವರಿನಲ್ಲಿ ಥಿಯೊಡೋರ್ ಪಕ್, ಫಿಲಿಪ್ ಮಾರ್ಕಸ್ ಎಂಬವರು ಗಾಜಿನ ತಟ್ಟೆಯಲ್ಲಿ ಒಂದೊಂದೇ ಕೋಶವನ್ನು ಬೆಳೆಸಿ, ಕ್ಷ-ಕಿರಣ ತಾಕಿದ ಮೇಲೆ ಎಷ್ಟು ಸಂತಾನವನ್ನು ಪಡೆಯಬಲ್ಲವೆಂದು ಎಣಿಸಿದರು. ಹಿಂದಿನವರು ಮನುಷ್ಯನ ಕೋಶವನ್ನು ಕೊಲ್ಲಲು ಸಾವಿರಾರು ರಂಟ್‌ಗೆನ್ ಪ್ರಮಾಣ ಬೇಕೆಂದು ಎಣಿಸಿದ್ದರು. ಸಂತಾನಶಕ್ತಿಯನ್ನು ಕೆಡಿಸಲು ನೂರರಷ್ಟೇ ಸಾಕೆಂದು ಇವರು ತೋರಿಸಿದರು. ಆ ಕೋಶಗಳು ಯಾರವು? ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ರೇಡಿಯಂ ಚಿಕಿತ್ಸೆಗಾಗಿ ಬಂದು 1951ರಲ್ಲಿ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಹೆಂಗಸಿನವು. ಆಕೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಆಕೆಯ ಹೆಸರಿನ ಮೊದಲಕ್ಷರಗಳಿಂದ ಹೀಲಾ ಎಂದು ಕರೆಯಿಸಿಕೊಂಡ ಆ ಕೋಶಗಳು ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬದುಕಿವೆ. ವಿಕಿರಣಶಾಸ್ತ್ರದ ಮೊದಲ ಮಾನುಷ ಪ್ರಮಾಣಗಳು ಒಬ್ಬ ಬಡ ತಾಯಿಯ ಮೈಯಿಂದ ಹೇಳದೆ ಕೇಳದೆ ತೆಗೆದುಕೊಂಡವೆಂಬುದನ್ನು ಇತಿಹಾಸಕಾರನು ಮರೆಯಲಾಗದು.

ಕಿರಣದಿಂದ ಗ್ರಂಥಕ್ಕೆ ಆಗುವ ಹಾನಿಯೆಷ್ಟು? ಒಂದು ಕೋಶದಲ್ಲಿರುವ ಡಿ.ಎನ್.ಎ.ಯನ್ನು ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಅಕ್ಷರಗಳು 600 ಕೋಟಿಗೂ ಮೇಲ್ಪಟ್ಟು. ಒಂದು ಗ್ರೇ ಪ್ರಮಾಣದ ಕ್ಷ-ಕಿರಣ ತಾಕಿದರೆ ಒಂದೆಳೆ ಮಾತ್ರ ಕಡಿದ ಜಾಗಗಳು ಸುಮಾರು ಸಾವಿರ, ಎರಡೆಳೆಯೂ ಒಟ್ಟಿಗೆ ಕಡಿದ ಜಾಗಗಳು ಸುಮಾರು 40. ಒಂದೆಳೆ ಕಡಿದರೆ ಎದುರಿನ ಎಳೆಯನ್ನು ನೋಡಿಕೊಂಡು ಸರಿಪಡಿಸಬಹುದು. ಇನ್ನೊಂದು ಪ್ರತಿ ಕೈಯಲ್ಲಿರುವ ಸಂಪಾದಕನ ಸ್ಥಿತಿ ಅದು. ಎರಡೂ ಕಡಿದರೆ ಏಕೈಕ ಹಸ್ತಪ್ರತಿಯೇ ಹರಿದಂತೆ. ದುರಸ್ತಿ ನಡೆಯುತ್ತದೆಂಬುದಕ್ಕೆ ಪ್ರಮಾಣ 1964ರಲ್ಲಿ ದೊರೆಯಿತು: ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣವನ್ನು ಹಾಯಿಸಿದ ಕೋಶಗಳು ಬರವಣಿಗೆಯ ಅವಧಿಯಲ್ಲದ ಅಕಾಲದಲ್ಲಿಯೂ ಅಲ್ಲಲ್ಲಿ ತುಣುಕು ತುಣುಕಾಗಿ ಡಿ.ಎನ್.ಎ.ಯನ್ನು ರಚಿಸುವುದನ್ನು ರಾಸ್‌ಮುಸ್ಸೆನ್, ಪೇಂಟರ್ ಎಂಬವರು ಕಂಡರು. ಈ ದುರಸ್ತಿಯ ಶಕ್ತಿಯಿಲ್ಲದೆ ಹುಟ್ಟಿದವರಿಗೆ ಬಿಸಿಲೇ ವಿಷವಾಗುತ್ತದೆಂದು 1968ರಲ್ಲಿ ಕ್ಲೀವರ್ ಅವರು ತೋರಿಸಿದರು. ಹೀಗಿರಲಾಗಿ, ವಿಕಿರಣವು ಡಿ.ಎನ್.ಎ. ರಚನೆಯನ್ನು ತಗ್ಗಿಸುತ್ತದೆಂಬ ಮಾತು ಅರ್ಧಸತ್ಯ. ಕ್ರಮವಾದ ಬರವಣಿಗೆಯನ್ನು ತಗ್ಗಿಸುತ್ತದೆ; ಅಕ್ರಮವಾದ ತೇಪೆಯನ್ನು ಹುಟ್ಟಿಸುತ್ತದೆ.

ತಗ್ಗುವ ಬಗೆಯನ್ನು ಪೇಂಟರ್ ಅವರೇ ಮುಂದೆ ವಿವರವಾಗಿ ಶೋಧಿಸಿದರು. ಇಷ್ಟು ದೊಡ್ಡ ಗ್ರಂಥವನ್ನು ಒಬ್ಬನೇ ಮೊದಲ ಗರಿಯಿಂದ ಪ್ರತಿಮಾಡತೊಡಗಿದರೆ 8 ಗಂಟೆಗಳಲ್ಲಿ ಮುಗಿಯದು. ಗ್ರಂಥವನ್ನು ಕಟ್ಟು ಕಟ್ಟಾಗಿ ಬಿಡಿಸಿ ಹಲವರಿಗೆ ಹಂಚುವಂತೆ, ಕೋಶವು ಸಾವಿರಾರು ಕಡೆ ಏಕಕಾಲದಲ್ಲಿಯೂ ಸರದಿಯ ಮೇಲೆಯೂ ಬರವಣಿಗೆಯನ್ನು ಆರಂಭಿಸುತ್ತದೆ. ಅಲ್ಪ ಪ್ರಮಾಣದ ಕಿರಣ ತಾಕಿದಾಗ ನಡೆಯುವುದಿಷ್ಟು: ಆಗಲೇ ಬರೆಯುತ್ತಿರುವವರು ಮುಂದುವರಿಯುತ್ತಾರೆ, ಇನ್ನೂ ಕೈಹಾಕದವರು ಕೈಹಾಕುವುದಿಲ್ಲ. ಹೊಸ ಆರಂಭಗಳು ನಿಲ್ಲುತ್ತವೆ. ಪ್ರಮಾಣ ಬಹಳ ಹೆಚ್ಚಾದರೆ ಮಾತ್ರ ಬರೆಯುತ್ತಿರುವವರ ವೇಗವೂ ಕುಗ್ಗುತ್ತದೆ. ಈ ಭೇದ ತಿಳಿದ ಮೇಲೂ 1970ರ ದಶಕದುದ್ದಕ್ಕೂ ಸಾಮಾನ್ಯ ಅಭಿಪ್ರಾಯ ಹಳೆಯದೇ ಆಗಿದ್ದಿತು: ಗ್ರಂಥ ಕಡಿದುದರಿಂದ ಅದರ ಸುರುಳಿ ಸಡಿಲವಾಗಿ ಆರಂಭ ಸಾಧ್ಯವಾಗುವುದಿಲ್ಲ, ಇದೊಂದು ಗಾಯ, ಗಾಯದ ಲಕ್ಷಣ.

ಈ ಅಭಿಪ್ರಾಯವನ್ನು ಮುರಿದುದು ಒಂದು ಅಪೂರ್ವವಾದ ಮಕ್ಕಳ ರೋಗ. ಅಟಾಕ್ಸಿಯ ಟೆಲಾಂಜಿಯೆಕ್ಟೇಸಿಯ ಎಂಬ ಆ ರೋಗದಲ್ಲಿ ನಡೆಯಲು ಕಲಿತ ಮಗು ಮೆಲ್ಲಗೆ ಹೆಜ್ಜೆಯ ಹಿಡಿತವನ್ನು ಕಳೆದುಕೊಳ್ಳುತ್ತದೆ. ಕಣ್ಣಿನ ಬಿಳುಪಿನಲ್ಲಿ ಕೆಂಪು ನಾಳಗಳು ಹರಡುತ್ತವೆ. ಗೆಡ್ಡೆಯ ರೋಗಗಳು ಬೇಗ ತಗಲುತ್ತವೆ. ಅಂಥ ಮಕ್ಕಳಲ್ಲಿ ಕೆಲವರಿಗೆ 1960ರ ದಶಕದಲ್ಲಿ ಗೆಡ್ಡೆಗಾಗಿ ವಾಡಿಕೆಯ ಪ್ರಮಾಣದ ಕಿರಣಚಿಕಿತ್ಸೆಯನ್ನು ಕೊಟ್ಟಾಗ ಅದು ಘೋರವಾದ ಪರಿಣಾಮಕ್ಕೆ ಕಾರಣವಾಯಿತು. ವೈದ್ಯರು ತಿಳಿಯದೆ ಮಾಡಿದುದು. ತಿಳಿಯುವ ಉಪಾಯವೇ ಆಗ ಇರಲಿಲ್ಲ. 1975ರಲ್ಲಿ ಇಂಗ್ಲೆಂಡಿನ ಟೇಲರ್ ಮತ್ತು ಸಂಗಡಿಗರು ಆ ರೋಗಿಗಳ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವು ಇತರರ ಕೋಶಗಳಿಗಿಂತ ಹಲವು ಪಟ್ಟು ಸುಲಭವಾಗಿ ಕಿರಣದಿಂದ ಸಾಯುತ್ತವೆಂದು ತೋರಿಸಿದರು.

ಹೆಚ್ಚು ಗಾಯಗೊಳ್ಳುವ ಕೋಶದಲ್ಲಿ ಬರವಣಿಗೆ ಹೆಚ್ಚು ತಗ್ಗಬೇಕಲ್ಲವೆ? ಹಳೆಯ ಅಭಿಪ್ರಾಯ ನಿಜವಾಗಿದ್ದರೆ ಹಾಗೆಯೇ ಆಗಬೇಕಾಗಿತ್ತು. 1980ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಪೇಂಟರ್, ಬಾರ್ಬರಾ ಯಂಗ್ ಅವರೂ, ಆಸ್ಟ್ರೇಲಿಯದಲ್ಲಿ ಹೌಲ್ಡ್ಸ್‌ವರ್ತ್, ಲೇವಿನ್ ಅವರೂ ಪ್ರತ್ಯೇಕವಾಗಿ ಅಳೆದು ನೋಡಿದಾಗ ಫಲ ತೀರ ತಿರುಗುಮುರುಗಾಗಿ ಬಂದಿತು. ಆರೋಗ್ಯವಂತರ ಕೋಶ ಕಿರಣ ತಾಕಿದೊಡನೆ ಬರವಣಿಗೆಯನ್ನು ತಗ್ಗಿಸಿತು. ರೋಗಿಯ ಕೋಶವೋ, ಏನೂ ಆಗದಂತೆ ಬರೆಯುತ್ತಲೇ ಹೋಯಿತು, ಬರೆದು ಸತ್ತಿತು. ಗಾಯ ಎರಡಕ್ಕೂ ಒಂದೇ. ಭೇದವಿದ್ದುದು ಗಾಯವನ್ನು ಕಂಡು ನಿಲ್ಲುವುದರಲ್ಲಿ. ಹರಿದ ಗರಿಯನ್ನು ಕಂಡು ಕಂಟವನ್ನು ಕೆಳಗಿಟ್ಟವನ ಗ್ರಂಥ ಉಳಿಯಿತು. ಹರಕನ್ನೇ ಪ್ರತಿಮಾಡಿದವನ ಗ್ರಂಥ ಅಳಿಯಿತು. 38 ವರ್ಷಗಳಿಂದ ವಿಷದ ಲಕ್ಷಣವೆಂದು ಎಣಿಸಿದ್ದುದು ವಿಷವನ್ನು ತಡೆಯುವ ಉಪಾಯವೆಂದು ಸಿದ್ಧವಾಯಿತು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ನಿಲ್ಲದಿರುವುದೊಂದೇ ಆ ಕೋಶಗಳ ಸಾವಿಗೆ ಸಂಪೂರ್ಣ ಕಾರಣವೆಂಬ ಪೇಂಟರರ ಮೊದಲ ವ್ಯಾಖ್ಯಾನವನ್ನು ಮುಂದಿನವರು ಪೂರ್ತಿಯಾಗಿ ಒಪ್ಪಲಿಲ್ಲ. ಎರಡೆಳೆಯ ಕಡಿತವನ್ನು ಸರಿಪಡಿಸುವುದರಲ್ಲಿಯೂ ಆ ಕೋಶಗಳಿಗೆ ಲೋಪವುಂಟೆಂದೂ, ವಿಭಾಗದ ಇತರ ಹೊಸ್ತಿಲುಗಳಲ್ಲಿಯೂ ಅವು ನಿಲ್ಲವೆಂದೂ ಕಂಡುಬಂದಿತು. ಆದರೆ ತಡೆಯು ಕೋಶದ ಕ್ರಿಯೆಯೇ ಹೊರತು ಕೇವಲ ಗಾಯವಲ್ಲವೆಂಬ ಮುಖ್ಯಾಂಶ ಬಲವಾಗುತ್ತಲೇ ಹೋಯಿತು. 1995ರಲ್ಲಿ ಟೆಲ್ ಅವಿವಿನ ಯೋಸೆಫ್ ಶಿಲೋ ಅವರ ತಂಡ, ಹನ್ನೊಂದನೆಯ ವರ್ಣತಂತುವಿನ ಮೇಲೆ ಈ ರೋಗಕ್ಕೆ ಕಾರಣವಾದ ಎ.ಟಿ.ಎಂ. ಎಂಬ ಜೀನನ್ನು ಗುರುತಿಸಿತು. ಎರಡೆಳೆ ಕಡಿದ ವಾರ್ತೆಯನ್ನು ಕೊಂಡೊಯ್ಯುವ ಓಲೆಕಾರ ಅದರಿಂದ ಹುಟ್ಟುವ ಪ್ರೋಟೀನು. ಅದು ಇನ್ನೊಂದನ್ನು ಎಚ್ಚರಿಸುತ್ತದೆ; ಆ ಇನ್ನೊಂದು, ಬರವಣಿಗೆಯ ಆರಂಭಕ್ಕೆ ಅಪ್ಪಣೆ ಕೊಡುವ ಕಿಣ್ವವನ್ನು ನಾಶಕ್ಕೆ ಗುರಿಮಾಡುತ್ತದೆ; ಅಪ್ಪಣೆಯಿಲ್ಲದೆ ಹೊಸ ಆರಂಭ ನಡೆಯದು. ಈ ಸರಪಣಿಯ ಕೊಂಡಿಗಳು 2001ರ ವೇಳೆಗೆ ಒಂದೊಂದಾಗಿ ಸ್ಪಷ್ಟವಾದುವು.

ಈ ರೋಗ ಬರುವುದು ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿಯೇ ಮಗುವಿಗೆ ದೊರೆತಾಗ. ಹತ್ತಿರದ ನಂಟರಲ್ಲಿ ಮದುವೆಯಾದರೆ ಅಂಥ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳ ರಕ್ತವನ್ನು ಪರೀಕ್ಷಿಸಿದ ಸಂದರ್ಭದಲ್ಲಿ, ಮೂರರಲ್ಲಿ ಒಂದಕ್ಕೆ ಸಮೀಪವಾಗಿ ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಮೊದಲಾದ ಸಂಬಂಧದ ಮದುವೆಗಳೇ ಕಂಡುಬಂದುವು. ಸಂಬಂಧ ಬಿಡಬಾರದೆಂಬ ನಮ್ಮ ಹಿರಿಯರ ಹಟವನ್ನು ಹಳಿಯುವುದು ಈ ಲೇಖನದ ಕೆಲಸವಲ್ಲ. ಆದರೆ ಕಿರಣಚಿಕಿತ್ಸೆಗೆ ಮುಂಚೆ ಮಗುವಿನ ನಡಿಗೆಯನ್ನೂ ಮನೆತನದ ಸಂಬಂಧಗಳನ್ನೂ ವೈದ್ಯರು ವಿಚಾರಿಸಬೇಕಾದ ನಾಡು ನಮ್ಮದೆಂಬುದನ್ನು ಹೇಳದಿರಲಾಗದು.

ಭಾಷೆಯ ವಿಚಾರವಾಗಿ ನಮಗಿರುವ ಆಕ್ಷೇಪವನ್ನು ಇಲ್ಲಿಯೇ ಹೇಳಬಹುದಾಗಿದೆ. ವಿಕಿರಣದಿಂದ ಡಿ.ಎನ್.ಎ. ರಚನೆ ‘ಕುಂಠಿತವಾಗುತ್ತದೆ’ ಎಂದು ಕನ್ನಡದಲ್ಲಿ ಬರೆಯುವುದು ರೂಢಿ. ಕುಂಠವೆಂದರೆ ಮೊಂಡು, ಹೆಳವು. ಆ ಮಾತಿನಲ್ಲಿ ಪೆಟ್ಟುತಿಂದವನ ಚಿತ್ರವಿದೆ, ಕೈತಡೆದವನ ಚಿತ್ರವಿಲ್ಲ. 1942ರ ಅಭಿಪ್ರಾಯಕ್ಕೆ ಅದು ತಕ್ಕ ಮಾತು. 1980ರ ಅನಂತರದ ತಿಳಿವಿಗೆ ತಕ್ಕುದಲ್ಲ. ಯೋಗಶಾಸ್ತ್ರದಲ್ಲಿ ಮನಸ್ಸಿನ ವೃತ್ತಿಗಳನ್ನು ಬಲ್ಲವನು ತಾನೇ ಹಿಡಿದು ನಿಲ್ಲಿಸುವುದಕ್ಕೆ ನಿರೋಧವೆಂಬ ಶಬ್ದವುಂಟು. ಅಚ್ಚಗನ್ನಡದಲ್ಲಿ ತಡೆ, ತಡೆಹಿಡಿತ ಎನ್ನಬಹುದು. ಪ್ರಮಾಣ ಅಧಿಕವಾದಾಗ ಬರೆಯುವವರ ವೇಗವೇ ಕುಗ್ಗುವುದನ್ನು ಹೇಳಲು ಕುಂಠನವೆಂಬುದನ್ನು ಇರಿಸಿಕೊಂಡು, ಹೊಸ ಆರಂಭಗಳು ನಿಲ್ಲುವುದಕ್ಕೆ ನಿರೋಧವೆಂಬುದನ್ನು ಪ್ರತ್ಯೇಕಿಸಿದರೆ ವಿಷಯವೂ ಶುದ್ಧವಾಗುವುದು, ಕನ್ನಡಕ್ಕೂ ಎರಡು ಮಾತುಗಳ ಭೇದ ಉಳಿಯುವುದು. 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಶಬ್ದಕ್ಕಾಗಿ ಪಟ್ಟ ಶ್ರಮವನ್ನು ನೆನೆದರೆ ಇದು ದೊಡ್ಡ ಶ್ರಮವಲ್ಲ.

ಆಕಾಶದ ಕಿರಣವೂ ನೆಲದ ಕಲ್ಲೂ ಕೋಶದ ಗ್ರಂಥವನ್ನು ದಿನವೂ ತಾಕುತ್ತಿರುತ್ತವೆಂದು ಓದಿ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಲೋಕದ ಸರಾಸರಿಯಲ್ಲಿ ಒಬ್ಬನಿಗೆ ವರ್ಷಕ್ಕೆ ಒದಗುವ ಸಹಜ ವಿಕಿರಣ 2.4 ಮಿಲಿಸೀವರ್ಟ್, ಅದರಲ್ಲಿ ವಿಶ್ವಕಿರಣದ ಪಾಲು ಸಮುದ್ರಮಟ್ಟದಲ್ಲಿ ಸುಮಾರು 0.3 ಮಾತ್ರ. ನಂಜನಗೂಡಿನ ರಸಬಾಳೆಯಲ್ಲಿಯೂ ಪೊಟಾಸಿಯಮ್ಮಿದೆ, ಪೊಟಾಸಿಯಮ್ಮಿನ ಅಲ್ಪಾಂಶ ವಿಕಿರಣಶೀಲ. ಅದನ್ನು ತಿನ್ನುವವನ ಮೈಯಲ್ಲಿ ಆ ಧಾತುವಿನ ಪರಮಾಣುಗಳು ಸೆಕೆಂಡಿಗೆ 4,000ದಷ್ಟು ಒಡೆಯುತ್ತಲೇ ಇರುತ್ತವೆ, ತಿನ್ನದವನ ಮೈಯಲ್ಲಿಯೂ ಅಷ್ಟೇ. ಪ್ರಾಣಿಗಳಲ್ಲಿ ತಾವಾಗಿ ಹುಟ್ಟುವ ವಿಕಾರಗಳಿಗೆಲ್ಲ ಸಹಜ ವಿಕಿರಣವೇ ಕಾರಣವಿರಬಹುದೆ ಎಂದು ಮುಲ್ಲರ್ ಅವರೇ 1930ರಲ್ಲಿ ಮಾಟ್-ಸ್ಮಿತ್ ಎಂಬವರೊಡನೆ ಲೆಕ್ಕ ಹಾಕಿ ನೋಡಿ, ಅದು ಏನೇನೂ ಸಾಲದೆಂದು ನಿರ್ಣಯಿಸಿದರು. ತನ್ನ ಸಿದ್ಧಾಂತಕ್ಕೆ ಒದಗಬಹುದಾಗಿದ್ದ ಹಿರಿಮೆಯನ್ನು ತಾನೇ ಲೆಕ್ಕಹಾಕಿ ಕಳೆದ ಈ ಪ್ರಬಂಧ ಅವರ 1927ರದಕ್ಕಿಂತ ಕಡಿಮೆಯದೆಂದು ನಮಗೆ ತೋರದು.

ಕೊನೆಗೆ ಇಂಗಾಲದ ಮಾತು. ಡಿ.ಎನ್.ಎ.ಯ ಮೈಯೇ ಇಂಗಾಲದಿಂದ ಕಟ್ಟಿದುದು. ಆದಕಾರಣ ವಿಶ್ವಕಿರಣದಿಂದ ಹುಟ್ಟಿದ ಇಂಗಾಲ-14 ಗ್ರಂಥದ ಅಕ್ಷರದಲ್ಲಿಯೇ ಕುಳಿತಿರುತ್ತದೆ. ಅದು ಒಡೆದಾಗ ಹೊರಗಿನಿಂದ ಪೆಟ್ಟು ಬೀಳಬೇಕಾಗಿಲ್ಲ. ಅಕ್ಷರದೊಳಗಿನ ಇಂಗಾಲವೇ ಸಾರಜನಕವಾಗಿ ಅಕ್ಷರ ಕೆಡುತ್ತದೆ. 1950ರ ದಶಕದಲ್ಲಿ ಪರಮಾಣು ಬಾಂಬುಗಳ ಪರೀಕ್ಷೆಯಿಂದ ಗಾಳಿಯಲ್ಲಿ ಈ ಇಂಗಾಲ ಹೆಚ್ಚುತ್ತ ಬಂದಾಗ, ಮುಂದಿನ ತಲೆಮಾರುಗಳಿಗೆ ಆಗುವ ಕೇಡನ್ನು ಲೈನಸ್ ಪಾಲಿಂಗ್ ಅವರು 1958ರಲ್ಲಿ ಲೆಕ್ಕ ಮಾಡಿ ಎಚ್ಚರಿಸಿದರು. 1963ರಲ್ಲಿ ಗಾಳಿಯಲ್ಲಿ ಪರೀಕ್ಷಿಸಬಾರದೆಂಬ ಒಪ್ಪಂದ ನಡೆಯುವ ಹೊತ್ತಿಗೆ ಉತ್ತರಾರ್ಧಗೋಳದಲ್ಲಿ ಅದು ಸುಮಾರು ಇಮ್ಮಡಿಯಾಗಿತ್ತು. ಆಮೇಲೆ ಸಮುದ್ರವೂ ಮರಗಿಡಗಳೂ ಹೀರಿಕೊಂಡು ವರ್ಷವರ್ಷಕ್ಕೆ ಇಳಿಯುತ್ತ ಹೋಯಿತು.

ಈ ಏರಿಳಿತವೇ ಕಾಲಸೂಚಿಯಾಗಬಹುದೆಂದು ಕಂಡವರು ಸ್ಟಾಕ್‌ಹೋಮಿನ ಯೋನಾಸ್ ಫ್ರೀಸೆನ್, ಕಿರ್ಸ್ಟಿ ಸ್ಪಾಲ್ಡಿಂಗ್ ಮೊದಲಾದವರು. ಕೋಶವು ಕೊನೆಯ ಬಾರಿ ಪ್ರತಿ ತೆಗೆದಾಗ ಗಾಳಿಯಲ್ಲಿ ಎಷ್ಟು ಇಂಗಾಲ-14 ಇತ್ತೋ ಅಷ್ಟೇ ಅದರ ಡಿ.ಎನ್.ಎ.ಯಲ್ಲಿ ನಿಂತುಬಿಡುತ್ತದೆ, ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಸಂವತ್ಸರ, ಮಾಸ, ತಿಥಿಯ ಸಾಲಿನಂತೆ. 2005ರಲ್ಲಿ ಅವರು ಈ ಸಾಲನ್ನು ಓದಿದರು. ಮೆದುಳಿನ ಹೊರಪದರದ ನರಕೋಶಗಳು ಮನುಷ್ಯನು ಹುಟ್ಟಿದ ಕಾಲದವೇ, ಆಮೇಲೆ ಹೊಸತಾಗಿ ಬರೆದವಲ್ಲ ಎಂದು ತಿಳಿಯಿತು. ಹೃದಯದ ಸ್ನಾಯುಕೋಶಗಳು ಮಾತ್ರ 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೊಂದರಂತೆ ಹೊಸತಾಗಿ, ವೃದ್ಧಾಪ್ಯದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆಯಾಗುತ್ತವೆಂದು 2009ರಲ್ಲಿ ಪ್ರಕಟವಾಯಿತು. ಹಲ್ಲಿನ ಎನಾಮಲಿನಿಂದ ಹುಟ್ಟಿದ ವರ್ಷವನ್ನು ಒಂದೂವರೆ ವರ್ಷದ ಆಚೀಚೆಗೆ ಹೇಳಬಹುದೆಂದೂ ಅವರೇ ತೋರಿಸಿದರು. ಹಲ್ಲುಪುಡಿಯ ಊರಿನ ವಾಚಕರಿಗೆ ಇದು ಸ್ವಾರಸ್ಯವಾಗಿ ತೋರೀತು.

ನರಸೀಪುರದ ಸಮಾಧಿಗಳಲ್ಲಿ ಮಣ್ಣಿನ ಒರಗಿನ ಮೇಲೆ ತಲೆಯಿಟ್ಟು ಮಲಗಿದವರಿಗೆ ಈ ಸೂಕ್ಷ್ಮವಾದ ಲೆಕ್ಕ ಹೊಂದುವುದಿಲ್ಲ. ಅವರ ಕಾಲದ ಇಂಗಾಲ ವಿಶ್ವಕಿರಣವೊಂದರಿಂದಲೇ ಹುಟ್ಟಿದುದು. ಅದರಿಂದ ತಿಳಿಯುವುದು ಶತಮಾನವೇ ಹೊರತು ವರ್ಷವಲ್ಲ. ಅದೇ ಸಂಗಮದ ಊರಿನಲ್ಲಿ 1963ರ ಆಚೀಚೆಗೆ ಹುಟ್ಟಿ ಇಂದು ಅರವತ್ತು ದಾಟಿರುವವರ ಮೆದುಳಿನಲ್ಲಿಯಾದರೋ, ತಾವು ಎಂದೂ ಕಾಣದ ಬಾಂಬುಗಳ ಇಂಗಾಲ ಹುಟ್ಟಿದ ವರ್ಷದ ಅಳತೆಯಲ್ಲಿ ಇನ್ನೂ ಹಾಗೆಯೇ ಇದೆ.